ಐವತ್ತನೇ ಪುಟದ ಕಾಡಿಗೆ ಬೊಟ್ಟು

ಟಕ್!

ಈ ಸದ್ದು ಈಗಿನವರಿಗೆ ಗೊತ್ತಿರಲಾರದು. ತೊಂಬತ್ತರ ದಶಕದಲ್ಲಿ ತುಮಕೂರಿನ ಶಿರಾ ಗೇಟ್ ಬಳಿ ನಮ್ಮ ಬಡಾವಣೆಯಲ್ಲೊಂದು ಪುಟ್ಟ ಲೈಬ್ರರಿ ಇತ್ತು. ಅಲ್ಲಿ ಪುಸ್ತಕ ಎರವಲು ಪಡೆದಾಗ ರಬ್ಬರ್ ಸ್ಟಾಂಪು ಮೊದಲು ಇಂಕ್ ಪ್ಯಾಡಿನ ಮೇಲೆ ಮೆತ್ತಗೆ ಒರಗಿ, ಆಮೇಲೆ ಪುಸ್ತಕದ ಹಿಂದೆ ಅಂಟಿಸಿದ ಚೀಟಿಯ ಮೇಲೆ ಹೀಗೆ ಬೀಳುತ್ತಿತ್ತು. ಟಕ್! ವಾಪಸು ಕೊಡಬೇಕಾದ ತಾರೀಕು ಅದು. ನನ್ನ ಪಾಲಿಗೆ ಬರೀ ಸದ್ದು. ನಮ್ಮ ಅತ್ತಿಗೆಯ ಪಾಲಿಗೆ ಗುಡಿಯ ಗಂಟೆ! ಅದು ಕಿವಿಗೆ ಬಿದ್ದ ಕೂಡಲೇ ಆಕೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಅಷ್ಟು ಭಕ್ತಿ ಇದ್ದವರು ಅಂತ ನಂಬಬೇಡಿ. ನಮ್ಮ ಅತ್ತಿಗೆ ಸರ್ಕಾರಿ ಆಸ್ತಿಗೆ ಹಾನಿ ಮಾಡುವುದನ್ನೇ ಒಂದು ವ್ರತದಂತೆ ನಡೆಸಿಕೊಂಡು ಬಂದ ಅಪರಾಧಿ!

ಅತ್ತಿಗೆ ಅಂದರೆ ನಮ್ಮ ಯಜಮಾನರ ಅಕ್ಕ. ಗುಬ್ಬಿಯಲ್ಲಿ ಮನೆ. ಹಣೆಯ ತುಂಬಾ ವಿಭೂತಿ, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲೊಂದು ವೈರ್ ಬ್ಯಾಗು. ಗುಬ್ಬಿಯ ಲೈಬ್ರರಿಯಲ್ಲಿದ್ದ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಆಕೆ ತುಮಕೂರಿಗೆ ದಂಡೆತ್ತಿ ಬಂದರು. ವಾರಕ್ಕೊಮ್ಮೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿದು, ಮೊದಲು ಲೈಬ್ರರಿ, ಆಮೇಲೆ ತಮ್ಮನ ಮನೆ. ತಮ್ಮ ಕಾಯಬಹುದು, ಕಾದಂಬರಿಯನ್ನು ಬೇರೆ ಯಾರಾದರೂ ಎತ್ತಿಕೊಂಡು ಹೋದರೆ?

ಹಾನಿಯ ವಿಷಯಕ್ಕೆ ಬರುತ್ತೇನೆ. ಆಕೆಯ ಬ್ಯಾಗಿನಲ್ಲಿ ಒಂದು ಕಾಡಿಗೆ ಡಬ್ಬಿ ಇರುತ್ತಿತ್ತು. ಮೊಮ್ಮಕ್ಕಳಿಗೆಂದು ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆ. ಒಂದು ಪುಸ್ತಕ ಓದಿ ಮುಗಿಸಿದರೋ, ಕಿರುಬೆರಳ ತುದಿಗೆ ಇಷ್ಟೇ ಇಷ್ಟು ಕಾಡಿಗೆ ಮುಟ್ಟಿಸಿಕೊಂಡು ಐವತ್ತನೇ ಪುಟದ ಮೂಲೆಯಲ್ಲಿ ಒಂದು ಬೊಟ್ಟು! ಹಸುಗೂಸಿನ ಕೆನ್ನೆಗೆ ದೃಷ್ಟಿ ಬೊಟ್ಟು ಇಡುವುದಿಲ್ಲವೇ, ಹಾಗೆ. ಇನ್ನೊಮ್ಮೆ ಆ ಪುಸ್ತಕ ಕೈಗೆ ಬಂದರೆ ಐವತ್ತನೇ ಪುಟ ತೆಗೆದು ನೋಡುವುದು. ಬೊಟ್ಟಿದ್ದರೆ ಓದಿಯಾಗಿದೆ, ಇಲ್ಲದಿದ್ದರೆ ಬ್ಯಾಗಿಗೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಪುಸ್ತಕದ ಕಿವಿ ಮಡಿಸಿದರೂ ನಮ್ಮ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮೊದಲ ಸಲ ಇದನ್ನು ಕಂಡಾಗ ನನಗೆ ಶಾಕ್!

"ಅತ್ತಿಗೆ, ಇದು ಪಬ್ಲಿಕ್ ಪ್ರಾಪರ್ಟಿ! ಹೀಗೆಲ್ಲ ಮಾಡಬಾರದು."

"ಏ ಕಾನ್ವೆಂಟು, ಸುಮ್ಕಿರೇ," ಅಂದರು. ನನಗೆ ಅವರಿಟ್ಟ ಹೆಸರೇ ಅದು. "ನನ್ ಮೊಮ್ಮಗೀಗೂ ಇಡ್ತೀನಿ. ಅದೇನ್ ಹಾಳಾಗೋಯ್ತಾ?"

"ಸರಿ, ಐವತ್ತನೇ ಪುಟವೇ ಯಾಕೆ? ಮೊದಲನೇ ಪುಟದಲ್ಲಿಟ್ಟರೆ ಹುಡುಕುವುದು ಸುಲಭ ಅಲ್ಲವೇ?"

"ಮೊದಲನೇ ಪುಟ ಲೈಬ್ರರಿಯೋರು ನೋಡ್ತಾರೆ ಕಣೇ. ಐವತ್ತನೇ ಪುಟಕ್ಕೆ ಬಂದೋರು ಓದೋ ಜನ. ಅವ್ರು ಕಂಪ್ಲೇಂಟ್ ಮಾಡಲ್ಲ."



ಒಂದು ದಿನ ಮಾತ್ರ ಸಿಕ್ಕಿಬಿದ್ದರು. ಲೈಬ್ರರಿಯನ್ ಕನ್ನಡಕ ಮೂಗಿನ ತುದಿಗಿಳಿಸಿ, "ಏನಮ್ಮ, ಪುಸ್ತಕಕ್ಕೆ ಮಸಿ ಬಳೀತಿರೋದು ನೀವೇನಾ?" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತಿಗೆ ಕೊಂಚವೂ ಅಳುಕಲಿಲ್ಲ. "ಯಾವ ಪುಟದಲ್ಲಿ ನೋಡಿದ್ರಿ ಸಾರ್?"

"ಐವತ್ತರಲ್ಲಿ."

"ಅಯ್ಯೋ, ಹಂಗಾದ್ರೆ ನೀವೂ ಓದ್ತಾ ಇದೀರಿ ಅನ್ನಿ! ಆ ದೊಡ್ಡ ಸೊಸೆ ಬುಡಿ, ಚಿಕ್ಕ ಸೊಸೆ ಏನ್ ಮಾಡ್ತಾಳೆ ಗೊತ್ತಾ ಕೊನೇಲಿ?"

"ಹೇಳಬೇಡಿ, ಹೇಳಬೇಡಿ! ಇನ್ನೂ ಅರವತ್ತು ಪುಟ ಬಾಕಿ ಇದೆ!" ಅಂತ ಆತ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ವಿಚಾರಣೆ ಅಲ್ಲಿಗೆ ಮುಕ್ತಾಯ. ಟಕ್!

ಇಷ್ಟೆಲ್ಲ ಯಾಕೆ ಅಂತೀರಾ? ಆಕೆಗೆ ಒಂದೇ ಒಂದು ಹಟ. ಕಣ್ಣು ಮುಚ್ಚುವುದರೊಳಗೆ ಸಿಕ್ಕ ಕಾದಂಬರಿಗಳನ್ನೆಲ್ಲ ಓದಿಬಿಡಬೇಕು, ಯಾವುದನ್ನೂ ಎರಡು ಸಲ ಓದಿ ಹೊತ್ತು ಕಳೆಯಬಾರದು. "ಓದಿದ್ನೇ ಓದೋದು ಅಂದ್ರೆ ಉಂಡ ಎಲೇಲಿ ಮತ್ತೆ ಉಂಡಂಗೆ ಕಣೇ," ಅನ್ನುತ್ತಿದ್ದರು. "ನಾನು ಓದಕ್ಕೆ ಶುರು ಮಾಡಿದ್ದೇ ಲೇಟು. ನಾಕನೇ ಕ್ಲಾಸಿಗೇ ನಮ್ಮಪ್ಪ ಸ್ಕೂಲ್ ಬಿಡಿಸಿ, ನನ್ ಸ್ಲೇಟ್ನ ತಮ್ಮನ ಕೈಗೆ ಕೊಟ್ಬುಟ್ರು."

ಆ ತಮ್ಮ ಅಂದರೆ ನಮ್ಮ ಯಜಮಾನರು. ಅಕ್ಕನ ಸ್ಲೇಟಿನಲ್ಲಿ ಅಕ್ಷರ ಕಲಿತ ಮಹಾನುಭಾವರು ಜೀವಮಾನವಿಡೀ ಶ್ರದ್ಧೆಯಿಂದ ಓದಿದ್ದು ಕ್ರಿಕೆಟ್ ಸ್ಕೋರು ಮಾತ್ರ!

ನನ್ನ ಕಥೆಯೂ ಅಷ್ಟೇನೂ ಡೀಸೆಂಟಾಗಿರಲಿಲ್ಲ. ಮದುವೆಯಾಗಿ ಮಕ್ಕಳು ದೊಡ್ಡವರಾದರೂ ನನ್ನ ಕನ್ನಡ ಓದು ಅಂಗಡಿ ಬೋರ್ಡುಗಳಿಂದ ಮುಂದೆ ಹೋಗಿರಲಿಲ್ಲ. ನಾನು ಇಂಗ್ಲಿಷ್ ರೊಮ್ಯಾನ್ಸುಗಳನ್ನು ಓದುವುದು ಕಂಡು ಅತ್ತಿಗೆ ಕನಿಕರಪಡುತ್ತಿದ್ದರು. "ಅದ್ರಲ್ಲೇನಿದೆ? ಮಳೆ ಬಂದ್ರೆ ಕಿಟಕಿ ಹತ್ರ ನಿಂತ್ಕತಾರೆ, ಟೀ ಕುಡೀತಾರೆ. ಅತ್ತೆ ಅನ್ನೋಳು ಒಬ್ಳಾದ್ರೂ ಅವ್ಳಾ? ಅತ್ತೆ ಇಲ್ದಿರೋ ಕಥೆ ಕಥೆನೇನೇ?"

ಒಂದು ದಿನ ಕನ್ನಡದ ಕಾದಂಬರಿಯೊಂದನ್ನು ತಂದು ನನ್ನ ಮಡಿಲಿಗೇ ಹಾಕಿದರು. ತೆರೆದು ನೋಡಿದರೆ ಐವತ್ತನೇ ಪುಟದಲ್ಲಿ ಅಕ್ಕಪಕ್ಕ ಎರಡು ಬೊಟ್ಟು.

"ಇದೇನು ಅತ್ತಿಗೆ, ಡಬಲ್?"

"ಒಂದು ನಾನು ಓದಿದ್ದಕ್ಕೆ. ಇನ್ನೊಂದು ನಿಂಗೆ. ಎಲ್ಡು ಬೊಟ್ಟಿದ್ರೆ ಅದು ಕಾನ್ವೆಂಟ್ ಪುಸ್ತಕ ಅಂತ. ಕಷ್ಟದ ಪದ ಕಮ್ಮಿ ಇರುತ್ತೆ, ಹೆದ್ರಬೇಡ."

ಹೀಗೆ ನಾನು ಆ ವಯಸ್ಸಿನಲ್ಲಿ ಕನ್ನಡ ಕಲಿತೆ. ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕದ ಐವತ್ತನೇ ಪುಟ ತೆಗೆಯುವುದು, ಎರಡು ಬೊಟ್ಟು ಕಂಡರೆ ಮನೆಗೆ ತರುವುದು. ಆಕೆ ಗುಬ್ಬಿಯಲ್ಲಿರಲಿ, ಕುಣಿಗಲ್ಲಿನಲ್ಲಿ ಮಗಳ ಮನೆಗೆ ಹೋಗಿರಲಿ, ನನಗೆ ಏನು ಓದಬೇಕೆಂದು ಹೇಳಲು ಎದುರಿಗೆ ಇರಲೇಬೇಕಾಗಿರಲಿಲ್ಲ. ಕೊನೆಕೊನೆಗೆ ಕಷ್ಟದ ಪದವಿದ್ದ ಪುಸ್ತಕಗಳಲ್ಲೂ ಎರಡು ಬೊಟ್ಟು ಕಾಣಿಸತೊಡಗಿದವು. ನಾನು ಪಾಸಾಗಿದ್ದೆ ಅಂತ ಕಾಣುತ್ತದೆ. ರಿಸಲ್ಟ್ ಯಾರೂ ಅನೌನ್ಸ್ ಮಾಡಲಿಲ್ಲ.

ಆಮೇಲೆ ಎರಡು ಸಾವಿರದ ಇಸವಿ ದಾಟಿತು, ಡಿಜಿಟಲ್ ಯುಗ ಬಂತು.

ಮೊದಲು ಬಂದಿದ್ದು ನಮ್ಮ ಮನೆಗೇ. ನನ್ನ ಮಗಳು ಹಾಲ್‌ನ ಮೂಲೆಯಲ್ಲಿ ಕಂಪ್ಯೂಟರ್ ತಂದಿಟ್ಟು, "ಅತ್ತೆ, ಇನ್ನು ನೀವು ರೈಲು ಹತ್ತೋದೇ ಬೇಡ. ಇದರೊಳಗೆ ಲೈಬ್ರರಿಗಿಂತ ಜಾಸ್ತಿ ಪುಸ್ತಕ ಸಿಗುತ್ತೆ," ಅಂತ ಒಂದು ಹಳೆಯ ಕಾದಂಬರಿಯನ್ನು ಪರದೆಯ ಮೇಲೆ ತೆರೆದು ಕೊಟ್ಟಳು. ಅತ್ತಿಗೆ ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತರು. ಒಳ್ಳೆ ಪೈಲಟ್ ಥರ! ನಾವೆಲ್ಲ ಅಡುಗೆಮನೆ ಕಡೆ ಹೋದೆವು. ಸ್ವಲ್ಪ ಹೊತ್ತಿಗೆ ಕೂಗು ಕೇಳಿಸಿತು.

"ಏ ಕಾನ್ವೆಂಟೂ! ಬಾರೇ ಇಲ್ಲಿ! ಈ ಪೆಟ್ಟಿಗೆ ಸುಳ್ಳು ಹೇಳ್ತದೆ!"

ಓಡಿ ಹೋಗಿ ನೋಡಿದರೆ ಮಾನಿಟರಿನ ಗಾಜಿನ ಮೂಲೆಯಲ್ಲಿ ದಪ್ಪಗೆ ಒಂದು ಕಾಡಿಗೆ ಬೊಟ್ಟು! ಓದಿ ಮುಗಿಸುವ ಹೊತ್ತಿಗೆ ಮರೆತುಹೋದೀತೆಂದು ಐವತ್ತನೇ ಪುಟ ತೆಗೆದು ಮುಂಗಡವಾಗಿ ಇಟ್ಟಿದ್ದರು. ಪುಟ ಮುಂದಕ್ಕೆ ಸರಿಯಿತು, ಬೊಟ್ಟು ಅಲ್ಲೇ ನಿಂತಿತು.

"ನೋಡೇ, ಐವತ್ತೊಂದರಲ್ಲೂ ಬೊಟ್ಟು, ಐವತ್ತೆರಡರಲ್ಲೂ ಬೊಟ್ಟು! ಬೇರೆ ಪುಸ್ತಕ ತೆಗೆದ್ರೆ ಅದ್ರಲ್ಲೂ ಅದೆ! ಇದ್ರಲ್ಲಿರೋ ಪುಸ್ತಕಾನೆಲ್ಲ ನಾನು ಆಗ್ಲೇ ಓದ್ಬುಟ್ಟಿದೀನಂತೆ!"

ಮಗಳು ನಗುತ್ತಾ ಒದ್ದೆ ಬಟ್ಟೆ ತರಲು ಓಡಿದಳು. ಅತ್ತಿಗೆ ಮಾತ್ರ ಗಂಭೀರವಾಗಿ ಎದ್ದು ವೈರ್ ಬ್ಯಾಗು ಎತ್ತಿಕೊಂಡರು. "ಗುರುತು ಇಸ್ಕೊಳ್ದೇ ಇರೋ ಪುಸ್ತಕ ನಂಗೆ ಬ್ಯಾಡ," ಅಂತ ಸಂಜೆಯ ರೈಲಿಗೆ ಹೊರಟೇಬಿಟ್ಟರು.

ಅದರ ಹಿಂದೆಯೇ ಲೈಬ್ರರಿಗೂ ಕಂಪ್ಯೂಟರ್ ಬಂತು. ಟಕ್ ಹೋಯಿತು. ಅದರ ಜಾಗದಲ್ಲಿ ಪುಸ್ತಕಕ್ಕೆ ಅಂಟಿಸಿದ ಗೆರೆಗೆರೆಯ ಸ್ಟಿಕ್ಕರಿಗೆ ಕೆಂಪು ದೀಪ ತೋರಿಸಿದರೆ "ಕೀಂಕ್" ಅಂತ ಒಂದು ಸದ್ದು, ಇಲಿಮರಿಯ ಬಾಲ ತುಳಿದ ಹಾಗೆ! ನಮ್ಮ ಹಳೆಯ ಲೈಬ್ರರಿಯನ್ ರಿಟೈರಾಗಿದ್ದರು. ಹೊಸದಾಗಿ ಬಂದ ಹೆಣ್ಣುಮಗಳು ಪಾಪ, ಬಹಳ ಪೊಲೈಟ್. "ಅಜ್ಜಿ, ನೀವು ಪುಟ ತೆಗೆದು ನೋಡೋ ಕಷ್ಟವೇ ಬೇಡ. ಈ ಪುಸ್ತಕ ಓದಿದ್ದೀರೋ ಇಲ್ವೋ ಕಂಪ್ಯೂಟರೇ ಹೇಳುತ್ತೆ," ಅಂದಳು.

"ತಗೊಂಡೋಗಿದ್ದು ಹೇಳ್ತದೆ ಕಣವ್ವ," ಅಂದರು ಅತ್ತಿಗೆ. "ಓದಿದ್ದು ಅದ್ಕೆಂಗೆ ಗೊತ್ತು? ನನ್ ತಮ್ಮನೂ ತಗೊಂಡೋಯ್ತಾನೆ, ತಲೆದಿಂಬಿಗೆ!"

ಕರೆಂಟ್ ಹೋದ ದಿನವಂತೂ ಕೇಳಬೇಡಿ. ಪುಸ್ತಕ ಎದುರಿಗಿದೆ, ಓದುವವರು ಎದುರಿಗಿದ್ದಾರೆ, ಕೊಡುವ ಹಾಗಿಲ್ಲ! "ಏನವ್ವ, ಪುಸ್ತಕಾನೂ ಮಿಕ್ಸಿ ಥರ ಕರೆಂಟಿಂದ ಓಡ್ತದಾ?" ಅಂತ ಕೇಳಿ, ಕರೆಂಟ್ ಬರುವವರೆಗೂ ಅಲ್ಲೇ ಬೆಂಚಿನ ಮೇಲೆ ಕುಳಿತು ಅರ್ಧ ಪುಸ್ತಕ ಓದಿ ಮುಗಿಸಿದ್ದರು.

ಆದರೆ ಒಂದು ವಿಷಯಕ್ಕೆ ಮಾತ್ರ ಆಕೆಗೆ ನಗು ಬರಲಿಲ್ಲ. ಸ್ಟಿಕ್ಕರ್ ಅಂಟಿಸುವಾಗ ಲೈಬ್ರರಿಯವರು ಬೈಂಡಿಂಗ್ ಕಿತ್ತುಹೋದ, ಪುಟ ಸವೆದ ಪುಸ್ತಕಗಳನ್ನೆಲ್ಲ ಬದಿಗಿಟ್ಟು, ಹಗ್ಗದಲ್ಲಿ ಕಟ್ಟಿ ಹಿಂದಿನ ಕೋಣೆಗೆ ಹಾಕಿದ್ದರು. ಅತ್ತಿಗೆ ಆ ಕೋಣೆಯ ಬಾಗಿಲಲ್ಲಿ ನಿಂತು ಕಟ್ಟುಗಳನ್ನು ನೋಡಿದರು.

"ಜನ ಓದಿ ಓದಿ ಹರಿದಿರೋದ್ನೆಲ್ಲ ಕಟ್ಟಾಕವ್ರೆ. ಯಾರೂ ಮುಟ್ದೆ ಹೊಸದಾಗೇ ಉಳ್ದಿರೋದ್ನ ಜೋಡ್ಸಿಕ್ಕವ್ರೆ. ಇದ್ಯಾವ ನ್ಯಾಯವೇ, ಕಾನ್ವೆಂಟು?"

ಕಟ್ಟಿನಿಂದ ಹೊರಕ್ಕೆ ಚಾಚಿಕೊಂಡಿದ್ದ ಒಂದು ರಟ್ಟನ್ನು ಆಕೆ ಬೆರಳಿನಿಂದ ಒಳಕ್ಕೆ ತಳ್ಳಿದರು, ಮಗುವಿನ ಕಾಲನ್ನು ಹೊದಿಕೆಯೊಳಕ್ಕೆ ಸೇರಿಸುವ ಹಾಗೆ.

ಆ ವರ್ಷದ ಮಳೆಗಾಲದಲ್ಲಿರಬೇಕು, ಅತ್ತಿಗೆ ಕೆಂಡಾಮಂಡಲವಾಗಿ ಮನೆಗೆ ಬಂದರು. "ಯಾವಳೋ ನನ್ ಥರಾನೇ ಕಾಡಿಗೆ ಇಡ್ತಾವ್ಳೆ ಕಣೇ! ಈ ಪುಸ್ತಕ ನೋಡು, ನಾನು ಓದೇ ಇಲ್ಲ. ಐವತ್ತನೇ ಪುಟದಲ್ಲಿ ಬೊಟ್ಟು! ಕಳ್ಳಿ!"

ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ತುಮಕೂರಿನಲ್ಲಿ ಆಕೆಗೊಬ್ಬಳು ಪ್ರತಿಸ್ಪರ್ಧಿ! ಅಂದಿನಿಂದ ಬಸ್ಸಿನಲ್ಲಿ, ಸಂತೆಯಲ್ಲಿ ಹೆಂಗಸರ ಕಿರುಬೆರಳನ್ನು ಪರೀಕ್ಷಿಸುವುದೇ ಆಕೆಯ ಕೆಲಸವಾಯಿತು. ಮುಂದಿನ ವಾರ ಮತ್ತೊಂದು ಪುಸ್ತಕ, ಮತ್ತೆ ಅದೇ ದೂರು. ಮೂರನೆಯ ಸಲ ಆಕೆ ತಂದು ತೋರಿಸಿದ ಪುಸ್ತಕದಲ್ಲಿ ಎರಡು ಬೊಟ್ಟಿದ್ದವು. ಅದನ್ನು ನಾನು ಓದಿದ್ದೆ. ಅದರ ಕಥೆಯ ಬಗ್ಗೆ ನಾವಿಬ್ಬರೂ ಒಂದು ಮಧ್ಯಾಹ್ನವೆಲ್ಲ ಅವರೆಕಾಯಿ ಸುಲಿಯುತ್ತಾ ಜಗಳವಾಡಿದ್ದೆವು.

ಆ ದಿನ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಆಮೇಲೆ ಅತ್ತಿಗೆಯ ಮಗಳು ಬಂದು ಆಕೆಯನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಹುಲಿಯೂರುದುರ್ಗದ ರಸ್ತೆಯ ಕಡೆ ಮನೆ, ಮುಂದೊಂದು ಕಬ್ಬಿಣದ ಗೇಟು. ಕೊನೆಯ ಸಲ ನಾನು ಅಲ್ಲಿಗೆ ಹೋಗುವಾಗ ಹಣ್ಣು ಒಯ್ಯಲಿಲ್ಲ. ಲೈಬ್ರರಿಯ ಆ ಪೊಲೈಟ್ ಹೆಣ್ಣುಮಗಳನ್ನು ಬೇಡಿಕೊಂಡು, ಹಿಂದಿನ ಕೋಣೆಯ ಕಟ್ಟುಗಳನ್ನು ಬಿಚ್ಚಿಸಿ, ಎರಡು ಬೊಟ್ಟಿನ ಪುಸ್ತಕವೊಂದನ್ನು ಹುಡುಕಿ ತಂದಿದ್ದೆ. "ಇದಕ್ಕೆ ಸ್ಟಿಕ್ಕರೇ ಇಲ್ಲ ಆಂಟಿ, ತಗೊಂಡು ಹೋಗಿ," ಅಂದಿದ್ದಳು. ಕೀಂಕ್ ಕೂಡ ಅನ್ನಲಿಲ್ಲ.

ಅತ್ತಿಗೆ ಜಗಲಿಯ ಮೇಲೆ ಕುರ್ಚಿಯಲ್ಲಿ ಕುಳಿತಿದ್ದರು. ಹಣೆಯಲ್ಲಿ ಅದೇ ವಿಭೂತಿ. ನನ್ನನ್ನು ಕಂಡು ಬಹಳ ಮರ್ಯಾದೆಯಿಂದ ನಕ್ಕರು.

"ಬನ್ನಿ, ಕೂತ್ಕಳಿ. ಯಾವೂರು ನಿಮ್ದು?"

ನೀವು! ಇಷ್ಟು ವರ್ಷಗಳಲ್ಲಿ ಆಕೆ ನನಗೆ ಬಹುವಚನ ಕೊಟ್ಟಿದ್ದು ಅದೇ ಮೊದಲು.

"ತುಮಕೂರು," ಅಂದೆ.

"ಹೌದಾ? ನನ್ ತಮ್ಮನ ಹೆಂಡ್ತಿನೂ ಅಲ್ಲೇ ಅವ್ಳೆ. ಕಾನ್ವೆಂಟ್ನಲ್ಲಿ ಓದ್ದೋಳು. ಕನ್ನಡ ಓದಕ್ಕೆ ಬರ್ತಿರ್ಲಿಲ್ಲ ಪಾಪ, ನಾನೇ ಕಲಿಸ್ದೆ."

ನಾನು ಪುಸ್ತಕವನ್ನು ಆಕೆಯ ಕೈಗೆ ಕೊಟ್ಟೆ. ರಟ್ಟನ್ನು ನೋಡಲಿಲ್ಲ, ಹೆಸರನ್ನು ನೋಡಲಿಲ್ಲ. ಬೆರಳು ನೇರವಾಗಿ ಐವತ್ತನೇ ಪುಟಕ್ಕೆ ಹೋಯಿತು. ಮಾಸಿದ ಆ ಬೊಟ್ಟುಗಳನ್ನು ಕಿರುಬೆರಳಿನಿಂದ ಒಂದೊಂದಾಗಿ ಮುಟ್ಟಿದರು. ಆಮೇಲೆ ಪುಸ್ತಕವನ್ನು ಮುಚ್ಚಿ ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

"ಇದು ನಿಮ್ಗೆ ಕೊಡಕ್ಕಾಗಲ್ಲ ಕಣಮ್ಮ, ಬೇಜಾರು ಮಾಡ್ಕಬೇಡಿ. ಎಲ್ಡು ಬೊಟ್ಟದೆ. ಇದು ನಮ್ ಕಾನ್ವೆಂಟ್ದು."

"ಇರಲಿ," ಅಂದೆ. "ಅವಳಿಗೇ ಇಟ್ಟಿರಿ."

ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಗೇಟು ದಾಟಿ ಅದನ್ನು ಎಳೆದುಕೊಳ್ಳಲು ಹಿಂದಿರುಗಿದಾಗ ಆಕೆ ಕುರ್ಚಿಯಿಂದ ಅರ್ಧ ಎದ್ದಿದ್ದರು. ಒಂದು ಕೈ ಸೆರಗಿನ ಮೇಲೆ, ಪುಸ್ತಕದ ಮೇಲೆ.

"ಗೇಟ್ ಹಾಕ್ಬೇಡಿ," ಅಂತ ಕೂಗಿದರು. "ಅವ್ಳು ಬರೋ ಹೊತ್ತಾಯ್ತು."