ಎಡಪಕ್ಕೆಯ ಪಿಸ್ತೂಲಿಗೆ ದರ್ಜಿಯ ಅಹವಾಲು

ಶ್ರೀಯುತ ನಂಜುಂಡಸ್ವಾಮಿಯವರ ಎಡಪಕ್ಕೆಯಲ್ಲಿ, ಬನಿಯನ್ನಿನ ಒಳಜೇಬಿನಲ್ಲಿ, ಬಾಡಿಗೆಯಿಲ್ಲದೆ ವಾಸವಾಗಿರುವ ಮಾನ್ಯ ಪಿಸ್ತೂಲು ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂವತ್ತೊಂದು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿರುವ ದರ್ಜಿ ಮುಜಫರ್ ಎಂಬ ನಾನು, ಮೊದಲಿಗೆ ತಮ್ಮ ಆರೋಗ್ಯ, ಹೊಳಪು ಮತ್ತು ಎಣ್ಣೆಯ ಬಗ್ಗೆ ಕುಶಲ ವಿಚಾರಿಸಿ, ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆ ಕೋರುತ್ತೇನೆ. ಗುಟ್ಟಾಗಿಯೇ ಬರೆಯಬೇಕೆಂದಿದ್ದೆ. ಆದರೆ ತಾವು ಗುಟ್ಟಾಗಿರುವವರು ಎಂಬ ಸಂಗತಿ ತಾಲ್ಲೂಕಿಗೆಲ್ಲ ಗೊತ್ತಿರುವಾಗ ನಾನೊಬ್ಬ ಮುಚ್ಚುಮರೆ ಮಾಡುವುದು ಚೆನ್ನಾಗಿರುವುದಿಲ್ಲ.

ತಾವು ನನ್ನನ್ನು ಮರೆತಿರಲಾರಿರಿ. ಕಳೆದ ವರ್ಷ ಜೂನ್ ಮೊದಲ ವಾರ ಮೈಸೂರಿನ ಬಂದೂಕಿನ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯಿಂದ ತಮ್ಮನ್ನು ಹೊರತೆಗೆದಾಗ, ಕೊರಳಿಗೆ ಇಂಚುಟೇಪು ಹಾಕಿಕೊಂಡು ನಿಂತಿದ್ದವನೇ ನಾನು. ಪಿಸ್ತೂಲು ಕೊಳ್ಳಲು ಹೋಗುವವರು ಪರಿಚಯದ ಪೊಲೀಸರನ್ನೋ, ಮಿಲಿಟರಿಯಲ್ಲಿದ್ದು ಬಂದ ಭಾವನನ್ನೋ ಜೊತೆಗೆ ಕರೆದೊಯ್ಯುತ್ತಾರೆ. ನನ್ನ ಬಾಲ್ಯದ ಗೆಳೆಯ, ಹೊಗೆಸೊಪ್ಪು ಬೆಳೆಯುವ ನಂಜುಂಡಸ್ವಾಮಿ ತನ್ನ ದರ್ಜಿಯನ್ನು ಕರೆದೊಯ್ದ. ಅಂಗಡಿಯವರು ತೂಕ, ಗುಂಡುಗಳ ಸಂಖ್ಯೆ, ಗುರಿ ಎಂದು ಒಂದೊಂದನ್ನೇ ಭಕ್ತಿಯಿಂದ ವಿವರಿಸುತ್ತಿದ್ದರೆ ಅವನು ಒಂದಕ್ಕೂ ಕಿವಿಗೊಡದೆ ನನ್ನ ಕಡೆ ತಿರುಗಿ, "ಅದೆಲ್ಲ ಇರ್ಲಿ ಕಣ್ಲಾ ಮುಜಫರ್, ಅಂಗಿ ಒಳ್ಗೆ ಇಟ್ಕಂಡ್ರೆ ಉಬ್ಬತದಾ ಇಲ್ವಾ, ಅದ್ ನೋಡು" ಎಂದ. ನಾನು ಟೇಪು ಹಿಡಿದು ಅಳೆದೆ. ಮೊದಲು ತೋರಿಸಿದ ರಿವಾಲ್ವರಿನ ಹೊಟ್ಟೆ ಒಂದೂವರೆ ಇಂಚು ದಪ್ಪ. ಅದನ್ನು ಇಟ್ಟುಕೊಂಡರೆ ಬನಿಯನ್ನಿನಲ್ಲಿ ತೆಂಗಿನಕಾಯಿ ಬಚ್ಚಿಟ್ಟಂತೆ ಕಾಣುತ್ತಿತ್ತು. ಎರಡನೆಯದು ಕಂಕುಳಿಂದ ಸೊಂಟದವರೆಗೆ ಬರುವಷ್ಟು ಉದ್ದ. ಮೂರನೆಯವರಾಗಿ ತಾವು ಬಂದಿರಿ. ದಪ್ಪ ಒಂದು ಇಂಚಿಗೂ ನೂಲೆಳೆಯಷ್ಟು ಕಡಿಮೆ, ಉದ್ದ ಆರು ಇಂಚು, ಮೂಲೆಗಳೆಲ್ಲ ನುಣುಪು. ಮೂವತ್ತೊಂದು ವರ್ಷದಲ್ಲಿ ಅಷ್ಟು ಚೆಂದದ ಅಳತೆಯ ಗಿರಾಕಿ ನನಗೆ ಸಿಕ್ಕಿರಲಿಲ್ಲವೆಂದು ಮುಖಸ್ತುತಿಗಲ್ಲದೆ ಹೇಳುತ್ತಿದ್ದೇನೆ. "ಇದಾದ್ರೆ ಐತೆ ಅಂತ್ಲೇ ಗೊತ್ತಾಗಲ್ಲ ಕಣೋ" ಎಂದು ನನ್ನ ಈ ಬಾಯಿಂದಲೇ ಹೇಳಿದೆ. ಆದ್ದರಿಂದ ಮುಂದೆ ನಡೆದ ಎಲ್ಲದರಲ್ಲಿ ನನ್ನದೂ ಪಾಲಿದೆ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ತಮ್ಮನ್ನು ಬರಮಾಡಿಕೊಳ್ಳಲು ಕಾರಣವಾದ ಪ್ರಾಣಭಯದ ವಿಷಯ ತಮಗೆ ಯಾರಾದರೂ ತಿಳಿಸಿದ್ದಾರೋ ಇಲ್ಲವೋ. ಮೂರು ವರ್ಷದ ಕೆಳಗೆ ನಂಜುಂಡ ಮೈಸೂರಿನಿಂದ ಕಾರಿನಲ್ಲಿ ಬರುತ್ತಿದ್ದಾಗ ಬಿಳಿಕೆರೆ ದಾಟಿದ ಮೇಲೆ ಬೈಕಿನ ಮೇಲೆ ಇಬ್ಬರು ಹಿಂದೆ ಬಿದ್ದು, ಹಾರ್ನ್ ಹೊಡೆಯುತ್ತಾ, ಕೈ ಬೀಸುತ್ತಾ, ಏನೋ ಕೂಗುತ್ತಾ ಹುಣಸೂರಿನವರೆಗೂ ಬಂದರು. ತನ್ನನ್ನು ಕೊಲ್ಲಲೆಂದೇ ಬಂದವರೆಂದು ಅವನು ಎಲ್ಲೂ ನಿಲ್ಲಿಸದೆ ಊರು ಸೇರಿದ, ಮಾರನೆಯ ವಾರವೇ ಲೈಸೆನ್ಸಿಗೆ ಅರ್ಜಿ ಹಾಕಿದ. ಅದೇ ವಾರ ಅವನ ಜರಿಯಂಚಿನ ಪಂಚೆಯೊಂದು ರಿಪೇರಿಗೆ ನನ್ನ ಅಂಗಡಿಗೆ ಬಂತು. ಒಂದು ತುದಿ ಒಂದು ಗೇಣು ಉದ್ದ ಚಿಂದಿಯಾಗಿ, ಟಾರಿನ ಕಪ್ಪು ಹತ್ತಿ, ಕಾರಿನ ಬಾಗಿಲಿಗೆ ಸಿಕ್ಕಿ ರಸ್ತೆಯುದ್ದಕ್ಕೂ ಎಳೆದುಕೊಂಡು ಬಂದ ಗುರುತು ಸ್ಪಷ್ಟವಾಗಿತ್ತು. ಆ ಇಬ್ಬರು ಪುಣ್ಯಾತ್ಮರು ಏನು ಕೂಗುತ್ತಿದ್ದರೆಂದು ಆ ಪಂಚೆ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಅಂಚು ಮಡಚಿ ಹೊಲಿದು ಸುಮ್ಮನೆ ಕೊಟ್ಟೆ. ಆವತ್ತೇ ಬಾಯಿಬಿಟ್ಟು ಹೇಳಿದ್ದರೆ ಇವತ್ತು ಈ ಪತ್ರದ ಪ್ರಮೇಯವೇ ಬರುತ್ತಿರಲಿಲ್ಲ.

ತಮಗಾಗಿ ನಾನು ಹೊಲಿದ ಒಳಜೇಬಿನಲ್ಲಿ ತಾವು ಎಷ್ಟು ನಾಜೂಕಾಗಿ ಕೂತಿರೆಂದರೆ, ಒಂದು ತಿಂಗಳಾದರೂ ತಾವು ಬಂದಿರುವುದು ಯಾರ ಗಮನಕ್ಕೂ ಬರಲಿಲ್ಲ. ಈ ಯಶಸ್ಸನ್ನು ಪಾಪ ನಂಜುಂಡನಿಗೆ ತಾಳಿಕೊಳ್ಳಲಾಗಲಿಲ್ಲ. ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಎಡಮಗ್ಗುಲು ಮುಂದೆ ಮಾಡಿ ಕೂರತೊಡಗಿದ. ಕೃಷ್ಣರಾಜನಗರದ ಮದುವೆಯೊಂದರಲ್ಲಿ ಫೋಟೋದವರಿಗೆ ಈ ಕಡೆಯಿಂದಲೇ ತೆಗೆಯಿರೆಂದು ಹಟ ಹಿಡಿದ. ಪಿರಿಯಾಪಟ್ಟಣದ ಅವನ ಭಾಮೈದ ಬೆಟ್ಟಸ್ವಾಮಿಯವರು ಬೆನ್ನು ತಟ್ಟಲು ಬಂದರೆ, ಹುಷಾರು, ಹುಷಾರು ಎಂದು ನಾಲ್ಕು ಜನಕ್ಕೆ ಕೇಳುವಂತೆ ಪಿಸುಗುಟ್ಟಿದ. ಕೊನೆಗೆ ಅಂಗಿಗಳ ಗಂಟನ್ನೇ ನನ್ನ ಮೇಜಿನ ಮೇಲೆ ಹಾಕಿ, "ಎಡಗಡೆ ಒಂಚೂರು ಹಿಡಿದು ಹೊಲಿಯೋ, ಕಂಡೂ ಕಾಣದಂಗೆ ಕಾಣ್ಬೇಕು" ಎಂದ. ಮುಚ್ಚಲೆಂದು ಸಡಿಲ ಬಿಟ್ಟಿದ್ದ ಹನ್ನೊಂದು ಅಂಗಿಗಳನ್ನು ತೋರಿಸಲೆಂದು ಅರ್ಧರ್ಧ ಇಂಚು ಬಿಗಿ ಮಾಡಿಕೊಟ್ಟೆ. ಇದನ್ನು ಬಂದೂಕಿನ ಅಂಗಡಿಯಲ್ಲೇ ಹೇಳಿದ್ದರೆ ಆ ಹೊಟ್ಟೆಯ ರಿವಾಲ್ವರನ್ನೇ ಕೊಡಿಸಿ, ತಮ್ಮನ್ನು ಗಾಜಿನ ಪೆಟ್ಟಿಗೆಯಲ್ಲೇ ನೆಮ್ಮದಿಯಾಗಿ ಮಲಗಲು ಬಿಡುತ್ತಿದ್ದೆ.

ತಮ್ಮ ಕೀರ್ತಿ ಅಲ್ಲಿಂದ ಅವನ ಹಳ್ಳಿಯ ಹಾಲಿನ ಡೈರಿಯನ್ನು ಮುಟ್ಟಿತು. ಅಲ್ಲಿ ಕ್ಯಾನು ಹಿಡಿದು ನಿಂತಿದ್ದ ಚಿಕ್ಕಸಿದ್ದಮ್ಮನವರು ಅವನನ್ನು ತಡೆದು, "ಅಂಗಾದ್ರೆ ನನ್ ಜೋಳಕ್ಕೆ ಬೀಳೋ ಅಂದೀನಾರ ಓಡ್ಸಪ್ಪ" ಎಂದು ಕೇಳಿದರಂತೆ. ಇದು ಹಂದಿಗಲ್ಲ, ಪ್ರಾಣರಕ್ಷಣೆಗೆ ಮಾತ್ರ ಎಂದು ನಂಜುಂಡ ಗಂಭೀರವಾಗಿ ಹೇಳಿದಾಗ ಅವರು ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾರ್ ಪ್ರಾಣಾಪ್ಪಾ? ನಿನ್ನ ಒಡೆಯೋರು ಯಾರವ್ರೆ ಇಲ್ಲಿ, ನಿನ್ ಎಂಡ್ರು ಬುಟ್ರೆ?" ಎಂದರಂತೆ. ಆ ಹೆಂಡತಿ ಚಾಮುಂಡಮ್ಮನವರ ವಿಷಯವಾಗಿ ತಮ್ಮಲ್ಲಿ ಸಹಾನುಭೂತಿ ವ್ಯಕ್ತಪಡಿಸುತ್ತೇನೆ. ತಮ್ಮ ಗುಂಡುಗಳನ್ನು ಅವರು ಮೊದಲ ದಿನವೇ ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದದ್ದು, ಆ ಬೀಗದ ಕೈ ಅವರ ತಾಳಿ ಸರದ ಪಿನ್ನಿನಲ್ಲಿ ನೇತಾಡುತ್ತಿರುವುದು, ತಾವು ಒಂದು ವರ್ಷದಿಂದ ಬರಿಹೊಟ್ಟೆಯಲ್ಲಿ ನೌಕರಿ ಮಾಡುತ್ತಿರುವುದು ನನಗೆ ತಿಳಿದಿದೆ. ಇಷ್ಟಾದರೂ ತಾವು ಒಂದು ದಿನ ರಜೆ ಕೇಳಿದವರಲ್ಲ.

ಇಲ್ಲಿಯವರೆಗೆ ಬರೆದದ್ದೆಲ್ಲ ಹೊಗಳಿಕೆ. ಅಹವಾಲು ಇನ್ನು ಮುಂದಿದೆ.

ನಮಾಜು ಮುಗಿಸಿ ಬಂದ ಮೇಲೆ ಒಬ್ಬರನ್ನೊಬ್ಬರು ಮೂರು ಸಲ ತಬ್ಬಿಕೊಳ್ಳುವುದು ನಮ್ಮ ಹಬ್ಬದ ಪದ್ಧತಿ. ಎಂಟನೇ ಕ್ಲಾಸಿನಲ್ಲಿ ಒಂದೇ ಬೆಂಚಿಗೆ ಬಿದ್ದಾಗಿನಿಂದ ನಂಜುಂಡ ಹಬ್ಬದ ದಿನ ಹನ್ನೊಂದು ಗಂಟೆಗೆ ನಮ್ಮ ಮನೆಯ ಬಾಗಿಲಲ್ಲಿರುತ್ತಾನೆ. ನಾನು ಹೊಲಿಗೆ ಕಲಿತ ವರ್ಷದಿಂದ ಹಬ್ಬಕ್ಕೊಂದು ಜೊತೆ ಅಂಗಿ ಬನಿಯನ್ನು ಅವನಿಗೆ ಹೊಲಿದು ಕೊಡುವುದು ನನ್ನ ಲೆಕ್ಕ, ಅದನ್ನೇ ತೊಟ್ಟು ಬರುವುದು ಅವನ ಲೆಕ್ಕ. ಅವನು ಆಳೆತ್ತರದ ದಪ್ಪ ಮನುಷ್ಯ, ನಾನು ಕಡ್ಡಿ. ಎರಡು ಸಲ ಸಭ್ಯವಾಗಿ ತಬ್ಬಿ ಮೂರನೆಯ ಸಲಕ್ಕೆ ನನ್ನನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಎತ್ತುತ್ತಾನೆ. ಮನೆಯಾಕೆ ಜೈನಾಬಿ ಪ್ರತಿ ಸಲವೂ ಪರದೆಯ ಹಿಂದಿನಿಂದ, ಬೀಳಿಸ್ಬುಟ್ಟೀಯಾ ಅಣ್ಣಾ ಎಂದು ಕೂಗುತ್ತಾಳೆ. ನಲವತ್ತು ವರ್ಷದಲ್ಲಿ ಅವನು ಒಂದು ಸಲವೂ ಬೀಳಿಸಿಲ್ಲ.

ತಾವು ಬಂದ ಹೊಸತು, ಕಳೆದ ಬಕ್ರೀದಿನಂದು, ಅವನು ಅದೇ ಹನ್ನೊಂದಕ್ಕೆ ಬಂದ. ನಾನು ಎರಡೂ ಕೈ ಅಗಲ ಮಾಡಿದೆ. ಅವನು ಅರ್ಧ ಹೆಜ್ಜೆ ಹಿಂದಕ್ಕೆ ಸರಿದು, ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡು, ಬಲಗೈ ಮುಂದೆ ಚಾಚಿ, "ಬ್ಯಾಡ ಕಣ್ಲಾ, ಇದೈತೆ" ಎಂದ. ಬ್ಯಾಂಕಿನ ಮ್ಯಾನೇಜರರ ಕೈ ಕುಲುಕಿದ ಹಾಗೆ ಅವನ ಕೈ ಕುಲುಕಿದೆ. ಪರದೆಯ ಹಿಂದಿನಿಂದ ಯಾವ ಕೂಗೂ ಬರಲಿಲ್ಲ. ಅವನು ಬಿರಿಯಾನಿ ತಿಂದು ಹೋದ ಮೇಲೆ ಜೈನಾಬಿ, "ಜಗಳ ಆಡ್ಕಂಡ್ರಾ?" ಎಂದು ಕೇಳಿದಳು. ಇಲ್ಲ ಎಂದೆ. ಒಂದು ಇಂಚಿಗೂ ಕಡಿಮೆ ದಪ್ಪದ್ದು ನಮ್ಮಿಬ್ಬರ ನಡುವೆ ಇಷ್ಟು ಜಾಗ ಹಿಡಿಯುತ್ತದೆಂದು ಅಳತೆ ತೆಗೆದ ನನಗೇ ಹೊಳೆದಿರಲಿಲ್ಲ. ಆವತ್ತು ನನಗೆ ಬಹಳ ಬೇಜಾರಾಯಿತು.

ಈ ವರ್ಷದ ರಂಜಾನಿಗೆ ಮಾತ್ರ ದೇವರು ಕಣ್ಣು ಬಿಟ್ಟ. ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಜಾರಿಯಾಗಿ, ಲೈಸೆನ್ಸಿನ ಆಯುಧಗಳೆಲ್ಲ ಠಾಣೆಗೆ ಜಮಾ ಆದವು. ತಾವೂ ಚೀಟಿ ಕಟ್ಟಿಸಿಕೊಂಡು ಅಲ್ಲಿನ ಬೀರುವಿನಲ್ಲಿ ವಿಶ್ರಾಂತಿಗೆ ಹೋದಿರಿ. ಹಬ್ಬದ ದಿನ ಹನ್ನೊಂದಕ್ಕೆ ನಂಜುಂಡ ಬಂದ, ಮೂರು ಸಲ ತಬ್ಬಿದ, ಎತ್ತಿದ, ಜೈನಾಬಿ ಕೂಗಿದಳು, ಕೆಳಗಿಳಿಸಿದ ಮೇಲೆ ಬಾಕಿಯಿತ್ತು ಎಂದು ನಾಲ್ಕನೆಯ ಸಲವೂ ತಬ್ಬಿದ. ನನಗೆ ಕಣ್ಣು ತುಂಬಿ ಬಂತು. ಚುನಾವಣಾ ಆಯೋಗವನ್ನು ನೆನೆದು ಅತ್ತ ಮತದಾರ ಈ ದೇಶದಲ್ಲಿ ನಾನೊಬ್ಬನೇ ಇರಬೇಕು.

ಈಗ ಫಲಿತಾಂಶ ಬಂದು, ಸಂಹಿತೆ ಮುಗಿದು, ತಾವು ಮರಳಿ ಸ್ವಸ್ಥಾನ ಸೇರಿದ್ದೀರಿ. ಬರುವ ಸೋಮವಾರ ಬಕ್ರೀದು. ಆದ್ದರಿಂದ ನನ್ನ ಬೇಡಿಕೆಗಳನ್ನು ತಮ್ಮ ಪಾದಕ್ಕೆ, ಅಂದರೆ ಹಿಡಿಗೆ, ಸಲ್ಲಿಸುತ್ತಿದ್ದೇನೆ. ತಾವು ದೆಹಲಿಯವರೆಗೆ ಪ್ರಭಾವ ಬಳಸಿ ನಮ್ಮ ಹಬ್ಬ ಬಂದಾಗಲೆಲ್ಲ ಒಂದು ಚುನಾವಣೆ ನಡೆಯುವಂತೆ ನೋಡಿಕೊಳ್ಳಬೇಕು. ಕಡೆಗೆ ಹಾಲಿನ ಡೈರಿಯ ಚುನಾವಣೆಯಾದರೂ ಸಾಕು. ಅದಾಗದಿದ್ದರೆ ದಯವಿಟ್ಟು ಇನ್ನೂ ತೆಳ್ಳಗಾಗಬೇಕು. ಇಂಚಿನಿಂದ ಅರ್ಧ ಇಂಚಿಗೆ, ಅಲ್ಲಿಂದ ಕಾಗದದಷ್ಟಕ್ಕೆ, ಅಲ್ಲಿಂದ ನೂಲಿನಷ್ಟಕ್ಕೆ ಬಂದರೆ ತಮ್ಮನ್ನು ಸೂಜಿಗೆ ಪೋಣಿಸಿ ಅವನ ಕಾಲರಿನಲ್ಲಿ ಮರ್ಯಾದೆಯಾಗಿ ಹೊಲಿದುಬಿಡುತ್ತೇನೆ. ಅದೂ ಆಗದಿದ್ದರೆ ಸೋಮವಾರ ಹನ್ನೊಂದು ಗಂಟೆಗೆ ಚಾಮುಂಡಮ್ಮನವರ ಬೀರುವಿನಲ್ಲಿ ತಮ್ಮ ಗುಂಡುಗಳನ್ನು ಮಾತಾಡಿಸಿಕೊಂಡು ಬರಬೇಕು. ಅವೂ ವರ್ಷದಿಂದ ತಮ್ಮ ಮುಖ ನೋಡಿಲ್ಲ.

ಇದನ್ನೆಲ್ಲ ನೇರವಾಗಿ ನಂಜುಂಡನಿಗೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಿದರೆ ಅವನಿಗೆ ಅವಮಾನವಾಗುತ್ತದೆ. ಅವನು ಮನಸ್ಸಿನಲ್ಲಿ ಒಳ್ಳೆಯವನು, ಅವನಿಗೆ ಜಿಲ್ಲೆಯಲ್ಲಿ ಒಬ್ಬ ಶತ್ರುವೂ ಇಲ್ಲ. ಪಾಪ, ಆ ವಿಷಯ ಅವನಿಗೆ ಮಾತ್ರ ಗೊತ್ತಿಲ್ಲ. ನನಗೂ ಐವತ್ತನಾಲ್ಕು ತುಂಬಿತು, ಅವನಿಗೂ ಮಂಡಿನೋವು ಶುರುವಾಗಿದೆ. ನನ್ನನ್ನು ನೆಲದಿಂದ ಎತ್ತುವ ಶಕ್ತಿ ಅವನಿಗೆ ಇನ್ನೆಷ್ಟು ಹಬ್ಬ ಇರುತ್ತದೋ ಕಾಣೆ. ಆ ಹಬ್ಬಗಳಲ್ಲಿ ಒಂದನ್ನೂ ತಮಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಹೆಚ್ಚು ಬರೆದು ತಮ್ಮ ಏಕಾಂತಕ್ಕೆ ಭಂಗ ತಂದಿದ್ದರೆ ಮನ್ನಿಸಬೇಕು.

ತಮ್ಮ ಅಳತೆ ಬಲ್ಲ ವಿಶ್ವಾಸಿ,
ಮುಜಫರ್
ದರ್ಜಿ, ಹುಣಸೂರು

ತಾಜಾ ಕಲಂ: ಈ ಹಬ್ಬದ ಅಂಗಿ ಬನಿಯನ್ನು ಹೊಲಿದು, ಇಸ್ತ್ರಿ ಹಾಕಿ, ನಿನ್ನೆಯೇ ನಂಜುಂಡನ ಮನೆಗೆ ಕಳಿಸಿದ್ದೇನೆ. ಒಳಜೇಬನ್ನು ತಮ್ಮ ಅಳತೆಗೇ ಇಟ್ಟಿದ್ದೇನೆ, ಅನುಮಾನ ಬೇಡ. ಅದರ ಬಾಯಿಗೆ ಮಾತ್ರ ಎರಡು ಸಾಲು ಹೊಲಿಗೆ ಹಾಕಿ ಮುಚ್ಚಿದ್ದೇನೆ. ಬಿಚ್ಚಿಸಬೇಕೆಂದರೆ ಅಂಗಡಿಗೆ ಬರಬೇಕು. ಸೋಮವಾರ ಅಂಗಡಿಗೆ ರಜ. ನಾನು ಮನೆಯ ಬಾಗಿಲಲ್ಲಿ ನಿಂತಿರುತ್ತೇನೆ.