ಅತ್ತೆ ಟೂ ಸ್ಟ್ರೋಕ್, ಸೊಸೆ ಫೋರ್ ಸ್ಟ್ರೋಕ್

ನಮ್ಮ ಚಿಕ್ಕಮ್ಮನಿಗೆ ಊದುಬತ್ತಿಯ ಹೊಗೆಗಿಂತ ಸೈಲೆನ್ಸರಿನ ನೀಲಿ ಹೊಗೆಯ ಮೇಲೇ ಭಕ್ತಿ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ! ಆದರೆ ಹೈದರಾಬಾದಿನ ಮಲ್ಕಾಜ್‌ಗಿರಿಯ ಅವಳ ಮನೆಯ ಮುಂದೆ ಟೂ ಸ್ಟ್ರೋಕ್ ಗಾಡಿಯೊಂದು ಹಾದುಹೋಗುವಾಗ ಒಮ್ಮೆ ಅವಳ ಮುಖ ನೋಡಬೇಕು. ಕೈಯಲ್ಲಿ ಒಗ್ಗರಣೆ ಸೌಟು ಹಾಗೇ ನಿಂತಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಮೂಗು ಕಿಟಕಿಯ ಕಡೆ ತಿರುಗಿರುತ್ತದೆ. "ಎಣ್ಣಿ ಭಾಳ ಸುರಿದಾನ, ಖೋಡಿ" ಎಂದು ತೀರ್ಪು ಕೊಟ್ಟ ಮೇಲೆಯೇ ಸಾಸಿವೆ ಎಣ್ಣೆಗೆ ಬೀಳುವುದು.

ರಾಯಚೂರಿನಲ್ಲಿ ಹುಟ್ಟಿದ ಈ ಚಿಕ್ಕಮ್ಮ ರೈಲ್ವೆ ನೌಕರಿಯ ಚಿಕ್ಕಪ್ಪನನ್ನು ಕಟ್ಟಿಕೊಂಡು ಹೈದರಾಬಾದಿಗೆ ಬಂದವಳು. ಅಬಿಡ್ಸ್‌ನ ಪುಸ್ತಕದಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಬಸ್ಸಿನಲ್ಲಿ ನೇತಾಡಿ ಸಾಕಾಗಿ ಹಳೆಯ ಟೂ ಸ್ಟ್ರೋಕ್ ಸ್ಕೂಟರೊಂದನ್ನು ಕೊಂಡಳು. ಅಂದಿನಿಂದ ನಮ್ಮ ವಂಶದಲ್ಲಿ ಹೊಸ ಮತವೊಂದು ಹುಟ್ಟಿತು! ನಡುರಸ್ತೆಯಲ್ಲಿ ಗಾಡಿ ನಿಂತರೆ ಬಳೆಗೆ ಸಿಕ್ಕಿಸಿಕೊಂಡ ಪಿನ್ನು ತೆಗೆದು ಪ್ಲಗ್ಗಿನ ಮಸಿ ಕೆರೆಯುವಳು, ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದೇ ಒದೆತಕ್ಕೆ ಎಬ್ಬಿಸುವಳು. ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಅವಳ ಪ್ರಕಾರ ಉಪ್ಪಿನಕಾಯಿ ಹಾಕಿದಂತೆ. ಕಡಿಮೆಯಾದರೆ ಕೆಡುತ್ತದೆ, ಹೆಚ್ಚಾದರೆ ಗಂಟಲು ಕಟ್ಟುತ್ತದೆ.

ಜಗತ್ತಿನ ಮನುಷ್ಯರನ್ನೂ ಅವಳು ಎರಡೇ ಪಾಲು ಮಾಡಿಟ್ಟಿದ್ದಳು. ಪಿಸ್ಟನ್ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬಂದರೆ ಸಾಕು, ಟೂ ಸ್ಟ್ರೋಕ್ ಎಂಜಿನ್ ಕಿಡಿ ಹಾರಿಸಿಬಿಡುತ್ತದೆ. ಫೋರ್ ಸ್ಟ್ರೋಕಿಗೆ ಇದೇ ಕೆಲಸಕ್ಕೆ ಎರಡು ಸಲ ಹತ್ತಿ ಎರಡು ಸಲ ಇಳಿಯಬೇಕು. ಅಂದದ್ದನ್ನು ಅಂದ ಕೂಡಲೇ ಮಾಡುವವರು ಟೂ ಸ್ಟ್ರೋಕ್. ಉಳಿದವರು ನಮ್ಮ ಚಿಕ್ಕಪ್ಪ! ಚಹಾ ಬೇಕೇನ್ರಿ ಎಂದು ಕೇಳಿದರೆ ಅವರು ಮೊದಲು ಪೇಪರ್ ಇಳಿಸುತ್ತಾರೆ, ಆಮೇಲೆ ಕನ್ನಡಕ ತೆಗೆಯುತ್ತಾರೆ, ಒಂದು ಉಸಿರು ಎಳೆಯುತ್ತಾರೆ, ಕೊನೆಗೆ "ಹೂಂ" ಅನ್ನುತ್ತಾರೆ.

"ನೋಡಿದ್ಯಾ ತಮ್ಮಾ? ನಾಕೂ ಸ್ಟ್ರೋಕ್ ಮುಗಿಯೂದ್ರಾಗ ಚಹಾ ಆರಿ ಹೊಕ್ಕೈತಿ!" ಎಂದು ಚಿಕ್ಕಮ್ಮ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದಳು.

ಇಂಥ ಮನೆಗೆ ಸೊಸೆ ಬರಬೇಕಿತ್ತಲ್ಲ! ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಚಿಕ್ಕಮ್ಮನ ಮಗ ತನ್ನ ಆಫೀಸಿನಲ್ಲೇ ಮೈಸೂರಿನ ಹುಡುಗಿಯೊಬ್ಬಳನ್ನು ಮೆಚ್ಚಿಕೊಂಡ. ಹುಡುಗಿ ಮನೆ ನೋಡಲು ತನ್ನದೇ ಮೋಟಾರ್ ಬೈಕಿನಲ್ಲಿ ಬಂದಿಳಿದಳು. ಚಿಕ್ಕಮ್ಮ ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ, ಅಡುಗೆ ಬರುತ್ತದೆಯೇ ಎಂದೂ ಕೇಳಲಿಲ್ಲ.

"ಗಾಡಿ ಎಷ್ಟ ಸ್ಟ್ರೋಕ್‌ನದವಾ?"

"ಫೋರ್ ಸ್ಟ್ರೋಕ್, ಆಂಟಿ. ಎಣ್ಣೆ ಬೆರೆಸೋ ತಲೆನೋವೇ ಇಲ್ಲ!"

ಚಿಕ್ಕಮ್ಮನ ಕೈಯಲ್ಲಿದ್ದ ಮಂಡಕ್ಕಿ ಸೂಸಲದ ತಟ್ಟೆ ಅಲ್ಲೇ ನಿಂತಿತು. ಹುಡುಗಿ ಹೋದ ಮೇಲೆ ನಾವೆಲ್ಲ ಉಸಿರು ಬಿಗಿಹಿಡಿದು ಕೂತೆವು. "ಹುಡುಗಿ ಬಂಗಾರದಂಥಾಕಿ ಅದಾಳ," ಎಂದಳು ಚಿಕ್ಕಮ್ಮ. "ಗಾಡಿ ವಿಷಯದಾಗ ಅಷ್ಟ ದಾರಿ ತಪ್ಪ್ಯಾಳ. ಲಗ್ನ ಆದಮ್ಯಾಲ ಸುಧಾರಿಸ್ತಾಳ, ಬಿಡು."

ಸುಧಾರಿಸುವುದೆಲ್ಲಿ ಬಂತು? ಸೊಸೆಗೆ ಮೋಟೋಕ್ರಾಸ್ ಹುಚ್ಚು. ಅಂದರೆ ಡಾಂಬರು ರಸ್ತೆ ಬಿಟ್ಟು ಮಣ್ಣಿನ ದಿಬ್ಬಗಳ ಮೇಲಿಂದ ಬೈಕು ಹಾರಿಸುವ ಪಂದ್ಯ. ಬೇರೆ ಅತ್ತೆಯಾಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ಇವಳಿಗೆ ಹಾರುವುದರ ಬಗ್ಗೆ ತಕರಾರೇ ಇರಲಿಲ್ಲ, ಫೋರ್ ಸ್ಟ್ರೋಕಿನಲ್ಲಿ ಹಾರುತ್ತಾಳಲ್ಲ ಎಂಬುದೇ ಸಂಕಟ! ಅಡುಗೆಮನೆಯಲ್ಲಿ ದಿನವೂ ಯುದ್ಧ. ಅತ್ತೆ ಸೊಸೆಯ ಜಗಳ ಕೇಳುವ ಆಸೆಯಿಂದ ಪಕ್ಕದ ಮನೆಯ ತೆಲುಗು ಹೆಂಗಸು ಗೋಡೆಗೆ ಕಿವಿಯಿಟ್ಟು ಕೂತು ಸೋತರು. ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ತಡೆದು ಮೆಲ್ಲಗೆ ಕೇಳಿದರು: "ಪಿಸ್ಟನ್ ಅಂಟೇ ಏಮಿಟಂಡಿ?" ಪಿಸ್ಟನ್ ಎಂದರೆ ಅದೇನೋ ಒಡವೆ ಎಂದುಕೊಂಡಿದ್ದರಂತೆ.

ನಗುನಗುತ್ತಾ ಹೀಗೇ ನಡೆಯುತ್ತಿರುವಾಗ ಸೊಸೆ ದಿಬ್ಬವೊಂದರಿಂದ ಬಿದ್ದಳು. ಬೈಕು ನುಜ್ಜುಗುಜ್ಜಾಯಿತು, ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಮಗ ಹೇಳಿದ: "ಇನ್ನೊಂದ ರೇಸ್ ಆಡು. ಅದ್ರಾಗ ಬಿದ್ದಿ ಅಂದ್ರ ಅಲ್ಲಿಗೆ ಖತಂ." ಹುಡುಗಿ ತಲೆಯಾಡಿಸಿದಳು. ಇಡೀ ವಾರ ಕಂಪ್ಯೂಟರಿನ ಮುಂದೆ ಅವಳು ಕೂರುತ್ತಿದ್ದುದೇ ಭಾನುವಾರದ ಆ ಮಣ್ಣಿನ ಆಸೆಗೆ. ಅದು ಹೋದರೆ ಅವಳಲ್ಲಿ ಏನು ಉಳಿಯುತ್ತದೆ ಎಂದು ನನಗೇ ಹೆದರಿಕೆಯಾಯಿತು.

ಪಂದ್ಯದ ಮೈದಾನ ಊರಿನ ಪಶ್ಚಿಮದ ಅಂಚಿನಲ್ಲಿತ್ತು. ಕಂಪನಿಗಳ ಕಟ್ಟಡಗಳಿಗೆ ಅಡಿಪಾಯ ತೋಡಿ ತೆಗೆದ ಮಣ್ಣನ್ನೇ ಅಲ್ಲಿ ದಿಬ್ಬ ಮಾಡಿದ್ದರು. ಮೈದಾನದ ಯಜಮಾನ ಬಾಡಿಗೆಯ ಎರಡು ಬೈಕು ತೋರಿಸಿ, ಒಂದನ್ನು ಆರಿಸಿಕೊಳ್ಳಿ ಎಂದ. ಒಂದು ಹಗುರಾದ ಟೂ ಸ್ಟ್ರೋಕ್, ಇನ್ನೊಂದು ದಪ್ಪನೆಯ ಫೋರ್ ಸ್ಟ್ರೋಕ್. ಪರೀಕ್ಷೆಗೆಂದು ಒಂದು ಭಾನುವಾರ ಮನೆಮಂದಿಯೆಲ್ಲ ಹೋದೆವು.

ಸೊಸೆ ಅತ್ತೆಯ ಮನಸ್ಸಿಗಾಗಿ ಟೂ ಸ್ಟ್ರೋಕ್ ಏರಿ ಒಂದು ಸುತ್ತು ಹೋಗಿ ಬಂದಳು. "ಪರವಾಗಿಲ್ಲ" ಎಂದಷ್ಟೇ ಹೇಳಿ, ನಗು ಮರೆಸಲು ಮುಖ ತಿರುಗಿಸಿಕೊಂಡಳು. ಆಗ ಚಿಕ್ಕಮ್ಮ ಏನು ಮಾಡಿದಳು ಗೊತ್ತೇ? ಸೀರೆಯನ್ನು ಎತ್ತಿ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದಳು!

"ಚಿಗವ್ವ, ಏನ್ ಮಾಡಾಕತ್ತಿ?" ಎಂದು ನಾನು ಕೂಗಿದೆ.

"ಫೋರ್ ಸ್ಟ್ರೋಕ್ ಬೈಯಾಕ ಹೊಂಟೀನಿ. ಏರದ ಬೈದ್ರ ಪಾಪ ಬರತೈತಿ."

ನಾನೂ ಮಗನೂ ಹಿಡಿದು ಹತ್ತಿಸಿದೆವು. ಸಣ್ಣ ದಿಬ್ಬಗಳನ್ನು ಏರಿಳಿಯುತ್ತಾ ಹೋದವಳು ನಿಲ್ಲಲೇ ಇಲ್ಲ. ಇನ್ನೊಂದು ಸುತ್ತಿಗೂ ಹೊರಟುಬಿಟ್ಟಳು. ಚಿಕ್ಕಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕೊನೆಗೆ ಇಳಿದ ಚಿಕ್ಕಮ್ಮ "ಥೂ, ಎಮ್ಮಿ ಇದ್ದಂಗ ಐತಿ!" ಎಂದು ಬೈದು, ದಾರಿಯುದ್ದಕ್ಕೂ ಸೊಸೆಯ ಬಲಗೈಯನ್ನೇ ನೋಡುತ್ತಾ ಕೂತಳು.

ಪಂದ್ಯದ ಬೆಳಗ್ಗೆ ನೋಡಿ, ಆಕಾಶ ಕಳಚಿ ಬಿತ್ತು!

"ಅತ್ತೆ, ನಾನು ಟೂ ಸ್ಟ್ರೋಕ್ ತಗೋತೀನಿ," ಎಂದಳು ಸೊಸೆ.

"ಬ್ಯಾಡ. ಫೋರ್ ಸ್ಟ್ರೋಕ್ ತಗೋ," ಎಂದಳು ಚಿಕ್ಕಮ್ಮ.

"ಅದೆಷ್ಟು ಹಗುರ ಇದೆ ಅತ್ತೆ! ನೀವೇ ದಿನಾ ಹೇಳ್ತಿದ್ರಲ್ಲ?"

"ನಾ ಹೇಳಿದ್ದ ನೀ ಯಾವಾಗರೆ ಕೇಳೀದಿ? ಇವತ್ತೂ ಕೇಳಬ್ಯಾಡ!"

"ಎಣ್ಣೆ ಬೆರೆಸೋದೂ ಕಲ್ತಿದೀನಿ!"

"ಕಲಿತಿದ್ರ ಉಪ್ಪಿನಕಾಯಿ ಹಾಕು. ಇವತ್ತ ಅದನ್ನ ಏರಿದಿ ಅಂದ್ರ ನಾ ಅತ್ತಿ ಅಲ್ಲ, ನೀ ಸೊಸಿ ಅಲ್ಲ!"

ಇಬ್ಬರೂ ಪಕ್ಷ ಬದಲಿಸಿಕೊಂಡಿದ್ದರು, ಜಗಳ ಮಾತ್ರ ಅದೇ! ಮದುವೆಯಾದಾಗಿನಿಂದ ಚಿಕ್ಕಮ್ಮ ಅತ್ತೆತನ ತೋರಿಸಿದ್ದು ಅದೊಂದೇ ಸಲ. ಸೊಸೆ ಮುಖ ಊದಿಸಿಕೊಂಡೇ ಫೋರ್ ಸ್ಟ್ರೋಕ್ ಹತ್ತಿದಳು.

ಬಾವುಟ ಬೀಸಿದ ಕೂಡಲೇ ಟೂ ಸ್ಟ್ರೋಕುಗಳು ಕಿರಿಚಿಕೊಂಡು ಮುಂದೆ ಓಡಿದವು. ನಮ್ಮವಳು ಹಿಂದೆ. ಚಿಕ್ಕಮ್ಮ ಹಗ್ಗ ಹಿಡಿದು ನಿಂತಿದ್ದಳು. ಆದರೆ ಸುತ್ತು ಕಳೆದಂತೆ ಸಡಿಲು ಮಣ್ಣಿನ ಏರಿನಲ್ಲಿ ಮುಂದಿನವರ ಚಕ್ರ ಜಾರತೊಡಗಿತು. ನಮ್ಮ ಎಮ್ಮೆ ಅವಸರವಿಲ್ಲದೆ ನೆಲ ಕಚ್ಚಿ ಒಬ್ಬೊಬ್ಬರನ್ನೇ ದಾಟಿತು. ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಜನ ನಮ್ಮ ಮಾತು ಕೇಳಿ ಕಾಂಕ್ರೀಟಿನ ಬುಟ್ಟಿ ಕೆಳಗಿಟ್ಟು "ಹೊಡಿಯವಾ, ಹೊಡಿ! ನಮ್ಮ ಕಡೀ ಹುಡುಗಿ!" ಎಂದು ಕೂಗಿದರು. ಮೈಸೂರು ಅವರ ಕಡೆ ಯಾವಾಗ ಆಯಿತೋ! ಕೊನೆಯ ದಿಬ್ಬದಿಂದ ಹಾರಿ ಎಲ್ಲರಿಗಿಂತ ಮೊದಲು ಗೆರೆ ದಾಟಿದಾಗ ಚಿಕ್ಕಪ್ಪ ಹಿಂದೆಮುಂದೆ ನೋಡದೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರು. ಮಗ ಕಣ್ಣೊರೆಸಿಕೊಳ್ಳುತ್ತಾ ಮುಂದಿನ ರೇಸ್ ಯಾವಾಗ ಎಂದು ಯಜಮಾನನನ್ನು ಕೇಳುತ್ತಿದ್ದ. ಗೆದ್ದೆವು!

ವಾಪಸು ಬರುವಾಗ ಟೆಂಪೋದಲ್ಲಿ ನಾನು ಚಿಕ್ಕಮ್ಮನನ್ನು ಕೆಣಕಿದೆ. "ಜಲ್ಮೆಲ್ಲಾ ಟೂ ಸ್ಟ್ರೋಕ್ ಟೂ ಸ್ಟ್ರೋಕ್ ಅಂತಿದ್ದಿ. ಕಡೀಕ ಸೋತಿ ನೋಡು, ಚಿಗವ್ವ!"

"ಸೋಲೂದೇನ ಬಂತು? ಈಗೂ ನಾ ಏರಿದ್ರ ಟೂ ಸ್ಟ್ರೋಕೇ," ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಮುಂದಿನ ಬ್ರೇಕ್ ಇರೂದ ಬಲಗೈಯಾಗ. ಮುರದು ಕೂಡಿದ ಕೈ, ನಡುವ ನೋವು ಬಂದು ಒತ್ತಾಕ ಆಗಲಿಲ್ಲಂದ್ರ? ಟೂ ಸ್ಟ್ರೋಕ್ ಎಕ್ಸಲೇಟರ್ ಬಿಟ್ರೂ ಓಡತಾನ ಇರತೈತಿ. ಇದು ಹಂಗಲ್ಲ. ಕೈ ಸಡಲ ಬಿಟ್ಟ ಕೂಡ್ಲೇ ಎಂಜಿನ್ನ ತಾನ ಗಾಲಿ ಹಿಡಕೊಂಡು ಸಾವಕಾಶ ಮಾಡತೈತಿ. ಅದನ್ನ ನೋಡಾಕ ನಾ ಅವತ್ತ ಏರಿದ್ದು."

ನಾನು ತಿರುಗಿ ನೋಡಿದೆ. ಸೊಸೆ ಮಣ್ಣು ಮೆತ್ತಿದ ತಲೆಯನ್ನು ಅತ್ತೆಯ ಇಳಕಲ್ ಸೀರೆಯ ಹೆಗಲಿಗೆ ಆನಿಸಿ ನಿದ್ದೆಹೋಗಿದ್ದಳು. ಅವಳ ಬಲಗೈ ಮಣಿಕಟ್ಟು ಚಿಕ್ಕಮ್ಮನ ಎರಡೂ ಅಂಗೈಗಳ ನಡುವೆ ಇತ್ತು. ಮಲ್ಕಾಜ್‌ಗಿರಿ ಬಂತು, ಮನೆಯ ಮುಂದೆ ಟೆಂಪೋ ನಿಂತಿತು. ನಾನು ಅವಳನ್ನು ಎಬ್ಬಿಸಲು ಹೋದೆ.

"ಎಬ್ಬಿಸಬ್ಯಾಡ ತಮ್ಮಾ," ಎಂದಳು ಚಿಕ್ಕಮ್ಮ. "ಡ್ರೈವರಿಗೆ ಇನ್ನೊಂದ ಸುತ್ತ ಹೊಡಿ ಅಂತ ಹೇಳು."