ಗೋಡೆ ಪಕ್ಕದ ಸೀಟು

ಡೆಸ್ಪಿನಾ ಕಾಫಿ ಸುರಿಯುವಾಗ ಕಪ್ಪಿನ ಅಂಚಿನೊಳಗೆ ತೋರುಬೆರಳು ಇಳಿಬಿಡುತ್ತಾಳೆ. ಬೆರಳಿಗೆ ಬಿಸಿ ತಗುಲಿದರೆ ಕಪ್ಪು ತುಂಬಿತು ಎಂದು ಅರ್ಥ. ಈಚಿನ ವರ್ಷಗಳಲ್ಲಿ ಅವಳ ಎರಡೂ ಕಣ್ಣುಗಳ ನಡುಭಾಗ ಮಸುಕಾಗುತ್ತ ಬಂದಿದೆ. ಸುತ್ತಲಿನದು ಕಾಣುತ್ತದೆ, ನಟ್ಟನಡುವೆ ಇರುವುದು ಕಾಣುವುದಿಲ್ಲ. ನನ್ನ ಮುಖ ನೋಡಬೇಕೆಂದರೆ ಅವಳು ನನ್ನ ಬಲಗಿವಿಯ ಆಚೆ ಇರುವ ಫ್ರಿಜ್ಜಿನತ್ತ ಕಣ್ಣು ನೆಡಬೇಕು. ಆಗ ನಾನು ಓರೆಯಲ್ಲಿ ಕಾಣಿಸುತ್ತೇನಂತೆ. ಮೊದಮೊದಲು ನನಗೆ ಆ ಫ್ರಿಜ್ಜಿನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಆ ಬೆಳಿಗ್ಗೆಯೂ ಅವಳು ಫ್ರಿಜ್ಜನ್ನು ನೋಡುತ್ತಲೇ ಹೇಳಿದಳು. "ಲಾಂಬ್ರೋ, ಒಂದೇ ಒಂದು ನಾಟಕವನ್ನಾದರೂ ಮೊದಲಿಂದ ನೋಡಬೇಕು ಕಣೋ. ಕಣ್ಣು ಇನ್ನೂ ಇಷ್ಟಾದರೂ ಇರುವಾಗ."

ಈ ಮಾತಿಗೆ ಒಂದು ಹಿನ್ನೆಲೆಯಿದೆ. ನಾವಿಬ್ಬರೂ ಕ್ವೀನ್ಸ್‌ನ ಅಸ್ಟೋರಿಯಾ ಬಡಾವಣೆಯಲ್ಲಿ ಹುಟ್ಟಿ ಬೆಳೆದ ಗ್ರೀಕರು. ಹೊಸದಾಗಿ ಮದುವೆಯಾದಾಗ ನಾವು ಕಂಡ ಬ್ರಾಡ್‌ವೇ ನಾಟಕಗಳೆಲ್ಲ ಎರಡನೆಯ ಅಂಕದಿಂದ ಶುರುವಾಗುತ್ತಿದ್ದವು. ಆ ಕಾಲದಲ್ಲಿ ವಿರಾಮದ ನಂತರ ಯಾರೂ ಟಿಕೆಟ್ ಕೇಳುತ್ತಿರಲಿಲ್ಲ. ಸಿಗರೇಟು ಸೇದಲು ಜನ ಬೀದಿಗೆ ಬರುತ್ತಿದ್ದರು. ನಾವು ಅವರ ನಡುವೆ ನಿಂತು, ಗಂಟೆ ಬಾರಿಸಿದಾಗ ಅವರೊಂದಿಗೇ ಒಳಗೆ ಹೋಗಿ, ಖಾಲಿ ಸೀಟು ಹುಡುಕಿ ಕೂರುತ್ತಿದ್ದೆವು. ಜನವರಿಯ ಚಳಿಯಲ್ಲೂ ಕೋಟು ಹಾಕುವಂತಿರಲಿಲ್ಲ. ಕೋಟು ತೊಟ್ಟವನು ಬೀದಿಯಿಂದ ಬಂದವನು ಎಂದು ಸೀಟು ತೋರಿಸುವವರಿಗೆ ಗೊತ್ತಾಗಿಬಿಡುತ್ತಿತ್ತು. ರೈಲಿನಲ್ಲಿ ಮನೆಗೆ ಮರಳುವಾಗ ನಾವು ನೋಡದ ಮೊದಲ ಅಂಕವನ್ನು ಡೆಸ್ಪಿನಾ ತಾನೇ ಕಟ್ಟಿ ಹೇಳುತ್ತಿದ್ದಳು. ಅವಳ ಮೊದಲ ಅಂಕಗಳಲ್ಲಿ ಕೊಲೆಗಳು ಹೆಚ್ಚು. ಆಮೇಲೆ ಮಕ್ಕಳಾದವು, ಕೆಲಸ ಹೆಚ್ಚಿತು, ನಾಟಕದ ಬೀದಿ ದೂರವಾಯಿತು.

ಹಾಗಾಗಿ ನಾನು ಕಾಫಿ ಕಪ್ಪು ಕೆಳಗಿಟ್ಟು ಪ್ರತಿಜ್ಞೆ ಮಾಡಿದೆ. ಈ ನಗರದಲ್ಲಿ ಈಗ ಎಲ್ಲ ಪತ್ರಿಕೆಗಳೂ ಹೊಗಳುತ್ತಿರುವ, ಮೂರು ಅಂಕಗಳ, ಹತ್ತಿರಹತ್ತಿರ ನಾಲ್ಕು ಗಂಟೆ ಹೊತ್ತು ನಡೆಯುವ 'ಉಪ್ಪು ನೀರಿನ ಮನೆ' ನಾಟಕವನ್ನು ನನ್ನ ಹೆಂಡತಿ ಮೊದಲ ಮಾತಿನಿಂದ ಕೊನೆಯ ಪರದೆಯವರೆಗೆ ನೋಡತಕ್ಕದ್ದು. ಅದೂ ಆ ನಾಟಕಶಾಲೆಯ ಅತ್ಯುತ್ತಮ ಸೀಟಿನಲ್ಲಿ ಕುಳಿತು. ಆ ಸೀಟನ್ನು ಕಂಡುಹಿಡಿಯುವುದು ನನ್ನ ಜವಾಬ್ದಾರಿ.

ಕ್ವೀನ್ಸ್‌ನ ಪತ್ರಿಕೆಯೊಂದಕ್ಕೆ ಜೀವಮಾನವೆಲ್ಲ ವರದಿ ಬರೆದವನು ನಾನು. ವಿಚಾರಿಸುವುದೇ ನನ್ನ ಕಸುಬು. ನಾಟಕಶಾಲೆಗಳಿಗೆ ಜಮಖಾನೆ ಹಾಸುವ ಸೋದರತ್ತೆಯ ಮಗನನ್ನು ವಿಚಾರಿಸಿದೆ. ಟಿಕೆಟ್ ಕೌಂಟರಿನವನನ್ನು ವಿಚಾರಿಸಿದೆ. ಕ್ಷೌರದವನನ್ನೂ ಬಿಡಲಿಲ್ಲ. ತೀರಾ ಮುಂದೆ ಕುಳಿತರೆ ನಟರ ಬೂಟು ಮಾತ್ರ ಕಾಣುತ್ತದೆ, ಎಂಜಲು ಉಚಿತ. ತೀರಾ ಹಿಂದೆ ಕುಳಿತರೆ ಬಾಲ್ಕನಿ ತಲೆಯ ಮೇಲೆ ಬರುತ್ತದೆ, ಮಾತು ಉಸಿರುಗಟ್ಟುತ್ತದೆ. ಊಟದ ಮೇಜಿನ ಮೇಲೆ ಆಲಿವ್ ಕಾಯಿಗಳನ್ನು ಸಾಲುಸಾಲಾಗಿ ಜೋಡಿಸಿ, ಉಪ್ಪಿನ ಡಬ್ಬಿಯನ್ನು ನಾಯಕನನ್ನಾಗಿ ಮಾಡಿ, ಗಲ್ಲವನ್ನು ಮೇಜಿಗೆ ಊರಿ ಒಂದೊಂದು ಆಲಿವ್‌ನ ದೃಷ್ಟಿಯಿಂದ ಪರಿಶೀಲಿಸಿದೆ. ಎಡಮೂಲೆಯಲ್ಲಿ, ಹಳೆಯ ಕಂಬವೊಂದರ ಹಿಂದೆ, ಗೋಡೆಗೆ ಅಂಟಿಕೊಂಡ ಎರಡು ಸೀಟುಗಳಿದ್ದವು. ಆ ಎರಡು ಆಲಿವ್‌ಗಳನ್ನು ತಿಂದುಬಿಟ್ಟೆ. ಅವು ಲೆಕ್ಕಕ್ಕಿಲ್ಲ.

"ನನ್ನನ್ನೇನೂ ಕೇಳಲ್ವಾ?" ಎಂದಳು ಡೆಸ್ಪಿನಾ.

"ನೀನು ಸುಮ್ನೆ ಬಂದು ಕೂತ್ಕೊ. ಉಳಿದದ್ದು ನನಗೆ ಬಿಡು."

"ಊಟ ಎಲ್ಲಿ ಮಾಡೋದು? ಮೇಜಿನ ತುಂಬ ಪ್ರೇಕ್ಷಕರು."

ಕೊನೆಗೆ ಗೆದ್ದದ್ದು ಮುಂದಿನಿಂದ ಏಳನೆಯ ಸಾಲಿನ ನಟ್ಟನಡುವಿನ ಎರಡು ಸೀಟು. ರಂಗದ ಮಧ್ಯದಿಂದ ದಾರ ಹಿಡಿದರೆ ನೇರವಾಗಿ ನನ್ನ ಹೆಂಡತಿಯ ಮೂಗಿಗೆ ಬರಬೇಕು, ಅಂಥ ಜಾಗ.

ಬುಧವಾರ ಮಧ್ಯಾಹ್ನದ ಪ್ರದರ್ಶನ. ಡೆಸ್ಪಿನಾ ನೀಲಿ ಉಡುಪು ತೊಟ್ಟು, ಮಗಳ ಮದುವೆಯಲ್ಲಿ ಹಾಕಿಕೊಂಡಿದ್ದ ಓಲೆ ಹಾಕಿಕೊಂಡಿದ್ದಳು. ಅವಳ ಬಲಕ್ಕೆ ನಾನು. ಎಡಕ್ಕೆ ಬೋ ಟೈ ಕಟ್ಟಿದ ಒಬ್ಬ ಗೃಹಸ್ಥ, ಅವನಾಚೆ ಅವನ ಹೆಂಡತಿ. ದೀಪ ಆರಿತು, ಪರದೆ ಎದ್ದಿತು. ರಂಗದ ಮೇಲೆ ನಿಜವಾದ ದೋಣಿಯೊಂದಿತ್ತು. ನಾನು ಅದರಲ್ಲಿ ಮುಳುಗಿಹೋದೆ. ಮುಂದಿನದು ನನಗೆ ಗೊತ್ತಾದದ್ದು ವಿರಾಮದಲ್ಲಿ.

ರಂಗವನ್ನು ನೋಡುವುದಕ್ಕಾಗಿ ಡೆಸ್ಪಿನಾ ಕತ್ತನ್ನು ಎಡಕ್ಕೆ ತಿರುಗಿಸಿದಳು. ದೋಣಿ ಕಣ್ಣಂಚಿಗೆ ಬಂತು. ಕಣ್ಣೆದುರಿಗೆ ಬೋ ಟೈ ಬಂದ. ಅವನು ಮೊದಲು ಕೂದಲು ಸವರಿಕೊಂಡ. ಆಮೇಲೆ ಟೈ ಸರಿಮಾಡಿಕೊಂಡ. ಆಮೇಲೆ ತುಟಿಗೆ ಏನಾದರೂ ಅಂಟಿದೆಯೇ ಎಂದು ಕರವಸ್ತ್ರದಿಂದ ಒರೆಸಿಕೊಂಡ. ಅವಳ ನೋಟ ಕದಲಲಿಲ್ಲ.

"ಅಮ್ಮಾ, ನಾಟಕ ಆ ಕಡೆ ನಡೀತಿದೆ," ಎಂದು ಪಿಸುಗುಟ್ಟಿದ.

"ಗೊತ್ತು ಸಾರ್. ಅದನ್ನೇ ನೋಡ್ತಿದೀನಿ."

ಅವನ ಹೆಂಡತಿ ಬಾಗಿ ಕೇಳಿದಳು, "ಏನಂತೆ?"

"ಈಯಮ್ಮ ನನ್ನನ್ನೇ ನೋಡ್ತಿದಾಳೆ."

"ನಿನ್ನನ್ನಾ? ಯಾಕೆ?"

ಹಿಂದಿನ ಸಾಲು ಶ್ ಎಂದಿತು. ಕಣ್ಣಿನ ಕಾಯಿಲೆಯನ್ನು ಕತ್ತಲಲ್ಲಿ ಅಪರಿಚಿತರಿಗೆ ವಿವರಿಸುವುದು ಹೇಗೆ? ಡೆಸ್ಪಿನಾ ಮುಖವನ್ನು ನೇರಕ್ಕೆ ತಿರುಗಿಸಿದಳು. ನೇರದಲ್ಲಿ ಒಂದು ಬೂದು ಮಚ್ಚೆಯಿತ್ತು. ಕೇಳಿಸಿಕೊಂಡರಾಯಿತೆಂದು ಕಣ್ಣು ಮುಚ್ಚಿದಳು. ಸೀಟು ಮೆತ್ತಗಿತ್ತು, ಒಳಗೆ ಬೆಚ್ಚಗಿತ್ತು.

ಮೊದಲ ಅಂಕ ಮುಗಿದ ವಿರಾಮದಲ್ಲಿ ಹೆಂಗಸರ ಶೌಚಾಲಯದ ಸಾಲು ಮೆಟ್ಟಿಲಿಳಿದು ಹೊರಬಾಗಿಲ ತನಕ ಬಂದಿತ್ತು. ಅವಳ ಕೈಹಿಡಿದು ನಾನೂ ನಿಂತೆ.

"ನಾಟಕದಲ್ಲಿ ಅಪ್ಪ ಸತ್ತಾಗ ನೀನು ಕಣ್ಣು ಮುಚ್ಚಿಕೊಂಡಿದ್ದೆ," ಎಂದೆ. "ನನಗೂ ತಡೆಯೋಕಾಗ್ಲಿಲ್ಲ."

"ಅಪ್ಪ ಸತ್ತನಾ?"

ನಾನು ಅವಳನ್ನು ನೋಡಿದೆ. ಅವಳು ನನ್ನ ಬಲಗಿವಿಯ ಆಚೆ ನೋಡಿದಳು.

"ನಿದ್ದೆ ಹೋಗ್ಬಿಟ್ಟೆ ಲಾಂಬ್ರೋ," ಎಂದು ಬೋ ಟೈ ಕಥೆಯನ್ನು ಹೇಳಿದಳು. "ಈ ಇಡೀ ನಾಟಕಶಾಲೇಲಿ ನನಗೆ ಕಾಣದೇ ಇರೋದು ಒಂದೇ ಜಾಗ, ನೆಟ್ಟಗೆ ಎದುರಿಗಿರೋದು. ಅದಕ್ಕೆ ಸರಿಯಾಗಿ ತಂದು ಕೂರಿಸಿದೀಯ."

"ಮೊದಲೇ ಹೇಳಬಾರದಿತ್ತಾ?"

"ಯಾರಿಗೆ ಹೇಳಲಿ? ಇಷ್ಟು ದಿನ ಮನೇಲಿದ್ದದ್ದು ನೀನು, ನಿನ್ನ ಆಲಿವ್‌ಗಳು. ಅವಕ್ಕೆಲ್ಲ ಕಾಣುತ್ತಾ ಅಂತ ನೀನು ಬಗ್ಗಿ ಬಗ್ಗಿ ನೋಡ್ತಿದ್ದೆ."

ಹಿಂದೆ ನಿಂತಿದ್ದ ದಪ್ಪ ಕನ್ನಡಕದ ಹೆಂಗಸು ನನ್ನ ಹೆಗಲು ತಟ್ಟಿದಳು. "ಸಾರ್, ಇದು ಹೆಂಗಸರ ಸಾಲು. ಬೈಸಿಕೊಳ್ಳೋದಿದ್ರೆ ಪಕ್ಕಕ್ಕೆ ನಿಂತು ಬೈಸಿಕೊಳ್ಳಿ."

ಪಕ್ಕಕ್ಕೆ ನಿಂತೆ. ಡೆಸ್ಪಿನಾ ದನಿ ತಗ್ಗಿಸಿದಳು. "ಬಲಗಣ್ಣಲ್ಲಿ ಈಗಿರೋದು ಈ ಚಳಿಗಾಲ ದಾಟಿ ಉಳಿದರೆ ಅದೇ ಹೆಚ್ಚು ಅಂದಿದಾರೆ ಡಾಕ್ಟರು. ನಿನಗೆ ಹೇಳಿರಲಿಲ್ಲ." ಸಾಲು ಎರಡು ಮೆಟ್ಟಿಲು ಮುಂದೆ ಸರಿಯಿತು. ಆಗ ಅವಳು ಬಹಳ ವರ್ಷಗಳಿಂದ ನಾನು ಕೇಳದಿದ್ದ ದನಿಯಲ್ಲಿ ಕೇಳಿದಳು.

"ಖಾಲಿ ಎಲ್ಲೆಲ್ಲಿದೆ, ನೋಡಿಟ್ಟಿದೀಯಾ?"

ನೋಡಿಟ್ಟಿದ್ದೆ. ದೀಪ ಆರುವ ಮೊದಲೇ, ನನಗೇ ತಿಳಿಯದಂತೆ, ಕಣ್ಣು ಹಳೆಯ ಕೆಲಸ ಮಾಡಿ ಮುಗಿಸಿತ್ತು. "ಎಡಮೂಲೆ. ಗೋಡೆ ಪಕ್ಕ. ಎರಡಿವೆ. ಆದ್ರೆ ಕಂಬ ಇದೆ."

"ಕೋಟು ತೊಡಬೇಡ. ಕೈಯಲ್ಲೇ ಇರಲಿ," ಎಂದಳು.

ಹೀಗೆ ನಾನು ತಿಂದುಹಾಕಿದ್ದ ಎರಡು ಆಲಿವ್‌ಗಳ ಜಾಗದಲ್ಲಿ ನಾವು ಕುಳಿತೆವು. ಗೋಡೆ ಪಕ್ಕ ಅವಳು. ಕಂಬದ ಹಿಂದೆ ನಾನು. ಅವಳು ಕತ್ತು ತಿರುಗಿಸಬೇಕಾಗಿರಲಿಲ್ಲ. ನೇರ ಎದುರಿಗೆ, ರಂಗದ ಎಡಕ್ಕಿದ್ದ ಗೋಡೆಯಲ್ಲಿ ಗಾರೆಯ ದೇವದೂತನೊಬ್ಬ ಕೊಳಲೂದುತ್ತಿದ್ದ. ಅವಳು ಅವನ ಮೇಲೆ ಕಣ್ಣು ನೆಟ್ಟಳು. ಅವನಿಗೆ ಬೇಸರವಾಗಲಿಲ್ಲ. ರಂಗವಷ್ಟೂ ಅವಳ ಬಲಗಣ್ಣಿನ ಅಂಚಿಗೆ ಬಂದು ನಿಂತಿತು.

ಸೀಟು ತೋರಿಸುವ ಹೆಂಗಸು ಟಾರ್ಚು ಹಿಡಿದು ಬಂದಳು. ನಮ್ಮ ಟಿಕೆಟ್ಟುಗಳನ್ನು ನೋಡಿದಳು, ನಮ್ಮನ್ನು ನೋಡಿದಳು, ಕಂಬವನ್ನು ನೋಡಿದಳು.

"ಇಲ್ಲಿಂದ ಅಲ್ಲಿಗೆ ನುಸುಳೋರನ್ನ ದಿನಾ ಹಿಡೀತೀನಿ," ಎಂದಳು. "ಅಲ್ಲಿಂದ ಇಲ್ಲಿಗೆ ಬಂದೋರನ್ನ ನೋಡ್ತಿರೋದು ಇದೇ ಮೊದಲು. ಏನಾದರೂ ವಾಸನೆಯೇ ಅಲ್ಲಿ?"

"ಇಲ್ಲಮ್ಮ. ನನಗೆ ಇಲ್ಲಿಂದ ಕಾಣುತ್ತೆ," ಎಂದಳು ಡೆಸ್ಪಿನಾ, ದೇವದೂತನನ್ನು ನೋಡುತ್ತ.

ಹೆಂಗಸು ಟಾರ್ಚು ಆರಿಸಿ ಹೋದಳು. ಏಳನೆಯ ಸಾಲಿನಲ್ಲಿ, ಬೋ ಟೈ ಪಕ್ಕದಲ್ಲಿ, ಬಾಲ್ಕನಿಯಿಂದ ಇಳಿದುಬಂದ ಇಬ್ಬರು ಹುಡುಗಿಯರು ಆಗಲೇ ಕುಳಿತಿದ್ದರು. ಸದ್ದಿಲ್ಲದೆ, ಬೆನ್ನು ನೆಟ್ಟಗೆ ಮಾಡಿ, ಅಲ್ಲೇ ಹುಟ್ಟಿದವರಂತೆ. ಅವರ ಕಸುಬುಗಾರಿಕೆಯನ್ನು ನಾನು ಮನಸ್ಸಿನಲ್ಲೇ ಮೆಚ್ಚಿದೆ.

ಉಳಿದ ಎರಡು ಅಂಕಗಳಲ್ಲಿ ನಾನು ಕಂಡದ್ದು ಒಂದು ಬಾಗಿಲು, ಒಂದು ಬಕೆಟ್ಟು, ಆಗಾಗ ಒಂದು ಮೊಣಕೈ. ಡೆಸ್ಪಿನಾ ನನ್ನ ಕಿವಿಗೆ ಬಾಯಿಟ್ಟು ಹೇಳುತ್ತ ಹೋದಳು. "ದೊಡ್ಡ ಮಗ ಎದ್ದ. ಟೋಪಿ ತೆಗೆದ. ಅಯ್ಯೋ, ಅವಳ ಕಡೆ ನೋಡೋದೇ ಇಲ್ಲ ನೋಡು ಅವನು." ನಾನು ಕಂಬವನ್ನು ನೋಡುತ್ತ ತಲೆಯಾಡಿಸಿದೆ. ಕೊನೆಯಲ್ಲಿ ದೋಣಿಯನ್ನು ಒಡೆದು ಒಲೆಗೆ ಹಾಕುವಾಗ ಅವಳು ಮಾತು ನಿಲ್ಲಿಸಿದಳು. ಹಲಗೆ ಸಿಡಿಯುವ ಸದ್ದು ನನಗೂ ಕೇಳಿಸುತ್ತಿತ್ತು.

ರೈಲು ನದಿಯಡಿಯಿಂದ ಕ್ವೀನ್ಸ್‌ಗೆ ಬರುವಾಗ ಕೇಳಿದಳು, "ಅಪ್ಪ ಹೇಗೆ ಸತ್ತ? ತಡಿ, ಹೇಳ್ಬೇಡ. ದೊಡ್ಡ ಸೊಸೆ ದೋಣಿಯ ಹಲಗೆ ಸಡಿಲ ಮಾಡಿದ್ಲು. ಸರಿನಾ?"

ನಾಟಕದಲ್ಲಿ ಅವನು ಬಲೆ ಹೊಲಿಯುತ್ತ ಕುಳಿತಲ್ಲೇ ಸತ್ತಿದ್ದ. "ಸರಿ," ಎಂದೆ.

"ಸುಳ್ಳು ಹೇಳ್ಬೇಡ. ನಿನ್ನ ದನಿಯಲ್ಲೇ ಗೊತ್ತಾಗುತ್ತೆ." ಕಿಟಕಿಯತ್ತ ತಿರುಗಿದಳು. "ಇದರ ಮೊದಲ ಅಂಕಾನೂ ಹೋಯ್ತಲ್ಲೋ."

"ಇನ್ನೊಂದ್ಸಲ ಹೋಗೋಣ. ನಾನು ಚೆನ್ನಾಗಿ ವಿಚಾರಿಸಿ..."

"ನೀನು ಸುಮ್ನಿರು."

ಮರುದಿನ ಅವಳೇ ಕೌಂಟರಿಗೆ ಹೋದಳು. ನಾನು ಕೋಟು ಹಿಡಿದುಕೊಂಡು ಹಿಂದೆ ನಿಂತಿದ್ದೆ. ಎಡಮೂಲೆಯ ಆ ಎರಡೇ ಸೀಟು ಬೇಕೆಂದಾಗ ಕೌಂಟರಿನವನು ಕಳವಳಗೊಂಡ.

"ಅಮ್ಮಾ, ಅದರಲ್ಲೊಂದರ ಮುಂದೆ ಕಂಬ ಅಡ್ಡ ಬರುತ್ತೆ. ಏನೂ ಕಾಣಲ್ಲ."

"ಗೊತ್ತು," ಎಂದಳು ಡೆಸ್ಪಿನಾ. "ಅದು ನಮ್ಮ ಯಜಮಾನರದು."

ಮುಂದಿನ ಬುಧವಾರ ಮಧ್ಯಾಹ್ನ ಹೋಗುತ್ತಿದ್ದೇವೆ. ವಿರಾಮಕ್ಕೆ ಎದ್ದು ಬರುತ್ತೇವೆ. ಉಳಿದದ್ದು ಅವಳು ನೋಡಿಯಾಗಿದೆ.